ರಾಯಚೂರಿಗೂ ಒಂದು ದಾರುಸ್ಸಲಾಮ್ ಮೇಜು ಬೇಕು

ನಾನು ರಾಯಚೂರಿನವನು, ಹೊಟ್ಟೆಪಾಡು ಹೈದರಾಬಾದಿನಲ್ಲಿ. ಹಾಗಾಗಿ ಎರಡೂ ಕಡೆಯ ಎಲೆಕ್ಷನ್ ಸುದ್ದಿ ತಪ್ಪದೆ ನೋಡ್ತೀನಿ.

ಇಲ್ಲಿನ ಹಳೆ ಊರಿನ ಚಂದ್ರಾಯಣಗುಟ್ಟ ಕ್ಷೇತ್ರದಲ್ಲಿ ಮಜ್ಲಿಸ್ (ಎಐಎಂಐಎಂ) ಪಕ್ಷದ ಅಕ್ಬರುದ್ದೀನ್ ಓವೈಸಿ 1999ರಿಂದ ಸತತ ಆರು ಸಲ ಗೆದ್ದಿದ್ದಾರೆ. ಮೊದಲ ಸಲ ಅವರು ಸೋಲಿಸಿದ್ದು ಅಮಾನುಲ್ಲಾ ಖಾನ್ ಅವರನ್ನು. ಖಾನ್ ಸಾಹೇಬರೂ ಅಲ್ಲಿ ಐದು ಸಲ ಶಾಸಕರಾಗಿದ್ದವರು. ಅಂದರೆ 1978ರಿಂದ ಆ ಕ್ಷೇತ್ರ ಕಂಡಿದ್ದು ಇಬ್ಬರನ್ನೇ!

ರಾಯಚೂರು ನಗರದಲ್ಲಿ ಡಾ. ಶಿವರಾಜ ಪಾಟೀಲರದು ಹ್ಯಾಟ್ರಿಕ್. 2013ರಲ್ಲಿ ಜೆಡಿಎಸ್, 2018 ಮತ್ತು 2023ರಲ್ಲಿ ಬಿಜೆಪಿ. ಚಿಹ್ನೆ ಬದಲಾದರೂ ಜನ ಡಾಕ್ಟ್ರನ್ನು ಬಿಡಲಿಲ್ಲ. (ಓವೈಸಿಯೂ ಡಾಕ್ಟರ್ ಆಗಬೇಕಿದ್ದವರೇ. ನಮ್ಮ ಕಲಬುರಗಿಯಲ್ಲಿ ಎಂಬಿಬಿಎಸ್‌ಗೆ ಸೇರಿ ಅರ್ಧಕ್ಕೇ ಬಿಟ್ಟರು.) ಆದರೆ 2023ರಲ್ಲಿ ಪಾಟೀಲರ ಗೆಲುವಿನ ಅಂತರ 4 ಸಾವಿರಕ್ಕೂ ಕಡಿಮೆ. ಅದೇ ವರ್ಷ ಓವೈಸಿಯವರದು 80 ಸಾವಿರಕ್ಕೂ ಜಾಸ್ತಿ.

ನನಗೆ ಇಷ್ಟವಾಗೋದು ನಮ್ಮೂರಿನ ಸಣ್ಣ ಅಂತರವೇ. ಶಾಸಕರಿಗೆ ಸ್ವಲ್ಪ ಭಯ ಇರಬೇಕು, ಅಲ್ವಾ? ಚಂದ್ರಾಯಣಗುಟ್ಟದಲ್ಲಿ ಆ ಸಲ ಅರ್ಧದಷ್ಟು ಮತದಾರರೂ ಬೂತಿಗೆ ಬರಲಿಲ್ಲ. ಗೆಲ್ಲೋದು ಯಾರು ಅಂತ ಗೊತ್ತಿದ್ದ ಮೇಲೆ ಬಿಸಿಲಲ್ಲಿ ಯಾರು ನಿಲ್ತಾರೆ?

ಆದರೂ ಒಂದು ವಿಷಯದಲ್ಲಿ ಹೈದರಾಬಾದಿಗೇ ನನ್ನ ಮತ. ಮಜ್ಲಿಸ್ ಕಚೇರಿ ದಾರುಸ್ಸಲಾಮ್‌ನಲ್ಲಿ ಶಾಸಕರು, ಕಾರ್ಪೊರೇಟರ್‌ಗಳು ಮೇಜಿನ ಮುಂದೆ ಕೂತು ಜನರ ಅಹವಾಲು ಕೇಳ್ತಾರೆ. ರೇಷನ್ ಕಾರ್ಡ್, ಕಟ್ಟಿಕೊಂಡ ಚರಂಡಿ, ಆಸ್ಪತ್ರೆ ಬಿಲ್ಲು, ಹೀಗೆ ಒಬ್ಬೊಬ್ಬರ ಕೈಲೂ ಒಂದೊಂದು ಕಾಗದ. ಓದಿ, ಅಲ್ಲಿಂದಲೇ ಅಧಿಕಾರಿಗೆ ಫೋನು ಇಲ್ಲವೇ ಲೆಟರ್‌ಹೆಡ್ ಮೇಲೆ ಎರಡು ಸಾಲು. ಅವರ ರಾಜಕೀಯ, ಅದರಲ್ಲೂ ಕೆಲವು ಭಾಷಣಗಳು, ನನಗೆ ಸುತರಾಂ ಹಿಡಿಸಲ್ಲ. ಮೇಜು ಹಿಡಿಸುತ್ತೆ.

2021ರಲ್ಲಿ ಪಾಟೀಲರು ಸಭೆಯೊಂದರಲ್ಲಿ ನಮ್ಮನ್ನು ತೆಲಂಗಾಣಕ್ಕೆ ಸೇರಿಸಿಬಿಡಿ ಅಂದಾಗ ಇಲ್ಲಿನ ಗೆಳೆಯರು ನನ್ನ ಕಾಲೆಳೆದಿದ್ದರು. ಆ ಮಾತಿನ ಹಿಂದಿನ ಸಿಟ್ಟು ಮಾತ್ರ ಸುಮ್ನೆ ಬಂದಿದ್ದಲ್ಲ. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ. ನಡುವಿನ ಊರಿನಲ್ಲಿ 2022ರಲ್ಲಿ ನಲ್ಲಿಯ ಕೊಳಕು ನೀರು ಕುಡಿದು ಜನ ಸತ್ತರು. ಅದು ಶಾಸಕರೊಬ್ಬರ ತಲೆಗೆ ಕಟ್ಟುವ ವಿಷಯ ಅಲ್ಲ. ಆದರೆ ನೀರು ನಾರುತ್ತಿದೆ ಅಂತ ದಿನವೂ ಹೇಳಲು, ಹೇಳಿದ್ದನ್ನು ಬರೆದಿಡಲು ಒಂದು ಜಾಗ ಇದ್ದಿದ್ದರೆ?

ರಾಜ್ಯ ಬದಲಿಸೋದೇನೂ ಬೇಡ. ನಮ್ಮೂರಿನ ತೀನ್ ಕಂದೀಲ್ ಹತ್ತಿರ ಅಂಥ ಮೇಜು ಹಾಕಲು ಒಂದು ಮಳಿಗೆ ಸಾಕು. ಬೆಳಗ್ಗೆ ಎರಡು ತಾಸು ಬಾಗಿಲು ತೆಗೆಯಲಿ. ಕೊಟ್ಟ ಅರ್ಜಿಗೆ ನಂಬರ್ ಇರಲಿ, ಯಾವ ಪಕ್ಷದವರು ಗೆದ್ದರೂ ಆ ರಿಜಿಸ್ಟರ್ ಅಲ್ಲೇ ಇರಲಿ.