ಸತ್ಯಾಂಶ: ಸಹಾಯವಾಣಿಗೆ ಕರೆ ಮಾಡಿದರೆ ಪೊಲೀಸ್ ಕೇಸ್ ಆಗುತ್ತದೆಯೇ?

ಸೇವಾಸಂಸ್ಥೆಗಳ ಸಹಾಯವಾಣಿಯಲ್ಲಿ ಆತ್ಮಹತ್ಯೆಯ ಯೋಚನೆ ಹೇಳಿಕೊಂಡರೆ ಪೊಲೀಸ್ ಪ್ರಕರಣವಾಗುತ್ತದೆ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಆಗಾಗ ಮರಳಿ ಬರುತ್ತದೆ. ಇದು ತಪ್ಪು. ಭಾರತೀಯ ದಂಡ ಸಂಹಿತೆಯ 309ನೇ ಕಲಮಿನಲ್ಲಿ ಅಪರಾಧವೆನಿಸಿದ್ದು ಪ್ರಯತ್ನವೇ ಹೊರತು ಯೋಚನೆಯಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮು, ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದು, ಬೇರೆ ರೀತಿ ಸಾಬೀತಾಗದ ಹೊರತು, ಭಾವಿಸಿ, ಅವರ ಆರೈಕೆಯ ಹೊಣೆಯನ್ನು ಸರ್ಕಾರಕ್ಕೇ ವಹಿಸಿತು. ದಂಡ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಂತೂ ಆ ಹಳೆಯ ಕಲಮೇ ಇಲ್ಲ. ಸರ್ಕಾರಿ ನೌಕರರ ಕರ್ತವ್ಯಕ್ಕೆ ಒತ್ತಡ ಹೇರಲು ಮಾಡುವ ಆತ್ಮಹತ್ಯೆಯ ಪ್ರಯತ್ನವಷ್ಟೇ ಅದರ 226ನೇ ಕಲಮಿನಲ್ಲಿ ಅಪರಾಧವಾಗಿ ಉಳಿದಿದೆ. ಹಳೆಯ ಕಾನೂನಿನಿಂದ ಹುಟ್ಟಿದ ಭಯವಿದು, ಹಂಚಿದವರನ್ನು ದೂರುವಂತಿಲ್ಲ. ಇಂಥ ಸಂದೇಶ ಬಂದಾಗ ಅದರಲ್ಲಿ ಕಾಯ್ದೆಯ ಹೆಸರು, ವರ್ಷ, ಕಲಮಿನ ಸಂಖ್ಯೆ ಇವೆಯೇ ನೋಡಿ, ಕೇಂದ್ರ ಸರ್ಕಾರದ ಜಾಲತಾಣದಲ್ಲಿ ಮೂಲ ಪಠ್ಯವನ್ನೇ ಓದಬಹುದು. ಗೋಪ್ಯತೆಯ ನಿಯಮವೇನು, ಯಾವಾಗ ಇತರರಿಗೆ ತಿಳಿಸುತ್ತೀರಿ ಎಂದು ಕರೆಯ ಆರಂಭದಲ್ಲೇ ಸ್ವಯಂಸೇವಕರನ್ನು ಕೇಳಬಹುದು.