ಎಲ್ಲದರಿಂದ್ಲೂ ಕ್ಯಾನ್ಸರ್ ಬರುತ್ತೆ ಅನ್ನೋ ಮಾತು ಸಾಕು

ಈಗಷ್ಟೇ ವಾಟ್ಸಾಪ್ ಗ್ರೂಪಲ್ಲಿ ಮತ್ತೆ ಅದೇ ಪಟ್ಟಿ ಬಂತು. ಕ್ಯಾನ್ಸರ್ ತರೋ ವಸ್ತುಗಳಂತೆ, ಸಿಗರೇಟ್ ಹೊಗೆಯಿಂದ ಹಿಡಿದು ಪ್ಲಾಸ್ಟಿಕ್ ಬಾಟಲಿ, ಮೊಬೈಲು, ಹೇರ್ ಡೈ ತನಕ ಎಲ್ಲಾ ಒಂದೇ ಸಾಲಲ್ಲಿ, ಎಲ್ಲದರ ಮುಂದೂ ಅದೇ ಕೆಂಪು ಗುರುತು. ಅದರ ಕೆಳಗೆ ಒಬ್ಬ ಗೆಳೆಯ, ದಿನಕ್ಕೊಂದು ಪ್ಯಾಕ್ ಖಾಲಿ ಮಾಡೋನು, "ಎಲ್ಲದ್ರಿಂದ್ಲೂ ಬರುತ್ತಂತಲ್ರಪ್ಪಾ, ಹಾಗಿದ್ಮೇಲೆ ನಾನ್ಯಾಕೆ ಸಿಗರೇಟ್ ಬಿಡ್ಲಿ" ಅಂತ ಬರೆದ. ಸುಮಾರು ಜನ ನಕ್ಕರು. ನನಗೆ ಮೈ ಉರಿದುಹೋಯ್ತು.

ದಿನಾ ಮೈಕ್ರೋಸ್ಕೋಪ್ ಮುಂದೆ ಕೂತು ಟಿಶ್ಯೂ ಸ್ಲೈಡ್ ನೋಡೋದೇ ನನ್ನ ಕೆಲಸ ಅಂತ ಇಲ್ಲಿರೋ ಎಲ್ರಿಗೂ ಗೊತ್ತು. ಹಾಗಾಗಿ ಈ ಪಟ್ಟಿಗಳ ಮೇಲಿರೋ ಸಿಟ್ಟು ನನಗೆ ಇವತ್ತಿಂದಲ್ಲ. ಜನರನ್ನ ಹೆದರಿಸುತ್ತವೆ ಅನ್ನೋದು ನನ್ನ ತಕರಾರಲ್ಲ, ಹೆದರಬೇಕಾದ ಕಡೆ ಹೆದರದ ಹಾಗೆ ಮಾಡ್ತವೆ ಅನ್ನೋದು. ಎಲ್ಲಾನೂ ಒಂದೇ ತಕ್ಕಡಿಗೆ ಹಾಕಿದ್ರೆ ಲಾಭ ಆಗೋದು ಸಿಗರೇಟಿಗೆ, ಬೇರೆ ಯಾವುದಕ್ಕೂ ಅಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಐಎಆರ್‌ಸಿ ಅನ್ನೋ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2015ರಲ್ಲಿ ಸಂಸ್ಕರಿಸಿದ ಮಾಂಸವನ್ನ (ಸಾಸೇಜ್, ಬೇಕನ್ ಥರದ್ದು) ಮೊದಲನೇ ಗುಂಪಿಗೆ ಸೇರಿಸ್ತು, ತಂಬಾಕಿನ ಹೊಗೆ ಇರೋದೂ ಅದೇ ಗುಂಪಲ್ಲಿ. ಅಷ್ಟಕ್ಕೇ "ಎರಡೂ ಒಂದೇ" ಅಂತ ಹಬ್ಬಿಸಿಬಿಟ್ರು. ಆ ಗುಂಪು ಹೇಳೋದು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತೆ ಅನ್ನೋದಕ್ಕೆ ಸಾಕ್ಷಿ ಎಷ್ಟು ಗಟ್ಟಿ ಅನ್ನೋದನ್ನ ಮಾತ್ರ, ಎಷ್ಟು ಜನಕ್ಕೆ, ಎಷ್ಟು ಬೇಗ, ಎಷ್ಟು ಪ್ರಮಾಣದಿಂದ ಅಂತ ಅದು ಹೇಳೋದೇ ಇಲ್ಲ.

ಕ್ಯಾನ್ಸರ್ ಹೇಗೆ ಬರುತ್ತೆ ಅನ್ನೋದನ್ನ ಯಾರೂ ಕೇಳಲ್ಲ ನೋಡಿ, ನನ್ನ ಸಂಕಟ ಇರೋದೇ ಅಲ್ಲಿ. ಸಿಗರೇಟ್ ಹೊಗೆಯಲ್ಲಿ ಕ್ಯಾನ್ಸರ್‌ಕಾರಕ ಅಂತ ಗೊತ್ತಿರೋ ರಾಸಾಯನಿಕಗಳೇ 60ಕ್ಕೂ ಹೆಚ್ಚಿವೆ, ಅದ್ರಲ್ಲಿ ಒಂದನ್ನ ಮಾತ್ರ ತಗೊಳ್ತೀನಿ, ಬೆಂಜೋಪೈರೀನ್. ಐದು ಉಂಗುರ ಒಂದಕ್ಕೊಂದು ಅಂಟಿಕೊಂಡಿರೋ ಚಪ್ಪಟೆ ಅಣು. ಇದ್ದ ಹಾಗೇ ಇದ್ರೆ ಅದು ಡಿಎನ್‌ಎ ತಂಟೆಗೇ ಹೋಗಲ್ಲ. ಆದ್ರೆ ನೀರಲ್ಲಿ ಕರಗದ ವಸ್ತು, ದೇಹ ಅದನ್ನ ಹೊರಗೆ ಹಾಕ್ಬೇಕು ಅಂದ್ರೆ ಕರಗೋ ಹಾಗೆ ಮಾಡ್ಬೇಕು, ಹಾಗಾಗಿ ನಮ್ಮದೇ ಎಂಜೈಮ್‌ಗಳು ಅದಕ್ಕೆ ಆಕ್ಸಿಜನ್ ಸೇರಿಸ್ತಾ ಹೋಗ್ತವೆ, ಒಂದು ಹೆಜ್ಜೆ, ಎರಡು ಹೆಜ್ಜೆ, ಮೂರನೇ ಹೆಜ್ಜೆ ಹೊತ್ತಿಗೆ ಹುಟ್ಟೋ ಅಣು ಎಷ್ಟು ಚುರುಕು ಅಂದ್ರೆ ಪಕ್ಕದಲ್ಲಿ ಸಿಕ್ಕಿದ ಡಿಎನ್‌ಎಯ ಗ್ವಾನಿನ್ ಅನ್ನೋ ಅಕ್ಷರವನ್ನ ಹಿಡಿದು ಅಂಟಿಕೊಂಡುಬಿಡುತ್ತೆ. ಶುದ್ಧ ಮಾಡೋಕೆ ಹೊರಟ ದೇಹವೇ ಅದನ್ನ ವಿಷ ಮಾಡುತ್ತೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜೇಮ್ಸ್ ಮಿಲ್ಲರ್, ಎಲಿಜಬೆತ್ ಮಿಲ್ಲರ್ ದಂಪತಿ ವರ್ಷಾನುಗಟ್ಟಲೆ ಕೂತು ತೋರಿಸಿಕೊಟ್ಟಿದ್ದು ಇದನ್ನೇ, ಎಷ್ಟೋ ಕ್ಯಾನ್ಸರ್‌ಕಾರಕಗಳಿಗೆ ಹಲ್ಲು ಬರೋದು ದೇಹದೊಳಗೆ ಹೋದ ಮೇಲೆ. 1970ರ ದಶಕದಲ್ಲಿ ಬ್ರೂಸ್ ಏಮ್ಸ್ ಅನ್ನೋ ವಿಜ್ಞಾನಿ ಇದನ್ನ ಸುಲಭದ ಪರೀಕ್ಷೆ ಮಾಡಿದ್ರು. ಹಿಸ್ಟಿಡಿನ್ ಅನ್ನೋ ಅಮೈನೋ ಆಮ್ಲ ಇಲ್ದೆ ಬೆಳೆಯಲಾಗದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಜೊತೆ ಇಲಿಯ ಲಿವರ್ ಸಾರ (ಆ ಎಂಜೈಮ್‌ಗಳು ಅದರಲ್ಲಿರ್ತವೆ) ಬೆರೆಸಿ, ಪರೀಕ್ಷಿಸಬೇಕಾದ ರಾಸಾಯನಿಕ ಹಾಕೋದು, ಮ್ಯುಟೇಷನ್ ಆಗಿ, ಅಂದ್ರೆ ಡಿಎನ್‌ಎ ಅಕ್ಷರ ಶಾಶ್ವತವಾಗಿ ಬದಲಾಗಿ, ಬೆಳೆಯೋ ಶಕ್ತಿ ಮರಳಿ ಬಂದವು ತಟ್ಟೆ ತುಂಬಾ ಚುಕ್ಕೆ ಚುಕ್ಕೆಯಾಗಿ ಏಳ್ತವೆ. ಲಿವರ್ ಸಾರ ಇಲ್ಲದಿದ್ರೆ ಬೆಂಜೋಪೈರೀನ್ ಅಲ್ಲಿ ಹೆಚ್ಚೇನೂ ಮಾಡಲ್ಲ.

ಅಂಟಿಕೊಂಡ ಮಾತ್ರಕ್ಕೆ ಕತೆ ಮುಗೀತಾ, ಇಲ್ಲ. ಹಲ್ಲಿನ ಸಂದೀಲಿ ಸಿಕ್ಕಿಕೊಂಡ ಚೂರಿನ ಹಾಗೆ ಅದು ಡಿಎನ್‌ಎ ಎಳೆಯಲ್ಲಿ ಉಬ್ಬಿಕೊಂಡು ಕೂತಿರುತ್ತೆ, ರಿಪೇರಿ ಪ್ರೋಟೀನ್‌ಗಳು ಆ ಉಬ್ಬನ್ನ ಗುರುತಿಸಿ, ಆಚೀಚೆ ಕತ್ತರಿಸಿ ತೆಗೆದು, ಖಾಲಿ ಜಾಗಕ್ಕೆ ಸರಿಯಾದ ಅಕ್ಷರ ತುಂಬ್ತವೆ. (ಡಿಎನ್‌ಎ ರಿಪೇರಿ ಬಗ್ಗೆ ಕೆಲಸ ಮಾಡಿದ ಲಿಂಡಾಲ್, ಮಾಡ್ರಿಚ್, ಸಂಕಾರ್ ಮೂವರಿಗೂ 2015ರ ರಸಾಯನಶಾಸ್ತ್ರ ನೊಬೆಲ್ ಬಂತು, ಅದಕ್ಕೆ ಅರ್ಹವಾದ ಕೆಲಸವೇ.) ಆದ್ರೆ ರಿಪೇರಿ ಆಗೋ ಮುಂಚೆ ಕೋಶ ಎರಡಾಗೋಕೆ ಹೊರಟರೆ, ನಕಲು ಮಾಡೋ ಎಂಜೈಮ್ ಆ ಉಬ್ಬಿನ ಎದುರು ಗ್ವಾನಿನ್‌ನ ಜೋಡಿ ಅಕ್ಷರ ಸೈಟೋಸಿನ್ ಬದಲು ಅಡೆನಿನ್ ಕೂರಿಸಿಬಿಡಬಹುದು, ಇನ್ನೊಂದು ಸುತ್ತು ನಕಲಾದಾಗ ಗ್ವಾನಿನ್ ಇದ್ದ ಜಾಗದಲ್ಲಿ ಅಡೆನಿನ್‌ನ ಜೋಡಿ ಥೈಮಿನ್. ಈಗ ಎರಡೂ ಎಳೆ ಒಂದಕ್ಕೊಂದು ಸರಿಯಾಗೇ ಹೊಂದ್ತವೆ, ಉಬ್ಬಿಲ್ಲ, ಕಲೆ ಇಲ್ಲ, ರಿಪೇರಿಯವರಿಗೆ ಅಲ್ಲಿ ತಪ್ಪಾಗಿದೆ ಅಂತ ತಿಳಿಯೋಕೆ ದಾರಿಯೇ ಇಲ್ಲ. ಅಲ್ಲಿತನಕ ಬರೀ ಗಾಯ, ಅಲ್ಲಿಂದಾಚೆ ಮ್ಯುಟೇಷನ್.

ದಿನಕ್ಕೊಂದು ಪ್ಯಾಕ್ ಸೇದೋರ ಶ್ವಾಸಕೋಶದ ಒಂದೊಂದು ಕೋಶದಲ್ಲೂ ವರ್ಷಕ್ಕೆ ಸರಾಸರಿ 150 ಹೆಚ್ಚುವರಿ ಮ್ಯುಟೇಷನ್ ಆಗ್ತವೆ ಅಂತ 2016ರ ಒಂದು ಅಧ್ಯಯನ ಲೆಕ್ಕ ಹಾಕಿತ್ತು. ಒಂದೊಂದು ಕೋಶದಲ್ಲೂ! ಪ್ಲಾಸ್ಟಿಕ್ ಬಾಟಲಿ ಪಕ್ಕದಲ್ಲೇ ಸಿಗರೇಟ್ ಬರೆಯೋರು ಈ ಒಂದು ಲೆಕ್ಕ ಆದ್ರೂ ಬರೀಬೇಕಿತ್ತು.

ಬಹಳಷ್ಟು ಮ್ಯುಟೇಷನ್‌ನಿಂದ ಏನೂ ಆಗಲ್ಲ, ನಿಜ. ಆದ್ರೆ ಕೋಶ ಕೆಟ್ಟಾಗ ವಿಭಜನೆ ನಿಲ್ಲಿಸೋ, ಆಗದಿದ್ರೆ ಆ ಕೋಶವನ್ನೇ ಸಾಯಿಸೋ ಪಿ53 ಅನ್ನೋ ಪ್ರೋಟೀನ್ ಇದೆ, ಅದರ ಜೀನ್‌ಗೆ ಪೆಟ್ಟು ಬಿದ್ರೆ ಕಷ್ಟ. 1996ರಲ್ಲಿ ಸಂಶೋಧಕರು ಬೆಂಜೋಪೈರೀನ್‌ನ ಆ ಚುರುಕು ರೂಪವನ್ನ ಲ್ಯಾಬಲ್ಲಿ ಮನುಷ್ಯರ ಕೋಶಗಳಿಗೆ ಹಾಕಿ, ಪಿ53 ಜೀನ್‌ನಲ್ಲಿ ಅದು ಎಲ್ಲೆಲ್ಲಿ ಅಂಟುತ್ತೆ ಅಂತ ಹುಡುಕಿದ್ರು. 157, 248, 273ನೇ ಕೋಡಾನ್‌ಗಳಲ್ಲಿ (ಕೋಡಾನ್ ಅಂದ್ರೆ ಜೀನ್‌ನ ಮೂರು ಅಕ್ಷರದ ಗುಂಪು) ಜಾಸ್ತಿ. ಶ್ವಾಸಕೋಶದ ಗೆಡ್ಡೆಗಳಲ್ಲಿ ಮ್ಯುಟೇಷನ್ ಜಾಸ್ತಿ ಸಿಗೋದೂ ಅದೇ ಜಾಗಗಳಲ್ಲಿ. ಹಾಗೇ ಶಿಲೀಂಧ್ರದಿಂದ ಬರೋ ಅಫ್ಲಾಟಾಕ್ಸಿನ್ ಲಿವರ್ ಕ್ಯಾನ್ಸರ್‌ನಲ್ಲಿ 249ನೇ ಕೋಡಾನ್ ಮೇಲೆ ಗುರುತು ಬಿಡುತ್ತೆ, ಅದು ಯಾವ ಫ್ಯಾಕ್ಟರಿಯಲ್ಲೂ ತಯಾರಾದದ್ದಲ್ಲ. ಆಸ್‌ಬೆಸ್ಟಾಸ್ ದಾರಿಯೇ ಬೇರೆ, ಅದರ ಎಳೆಗಳು ಒಳಗೆ ಸಿಕ್ಕಿಕೊಂಡು ವರ್ಷಗಟ್ಟಲೆ ಉರಿಯೂತ ಎಬ್ಬಿಸ್ತಾ ಇರ್ತವೆ. ಒಂದೊಂದರ ದಾರಿ ಒಂದೊಂದು, ಪಟ್ಟಿಯಲ್ಲಿ ಮಾತ್ರ ಎಲ್ಲದಕ್ಕೂ ಒಂದೇ ಕೆಂಪು ಗುರುತು.

ಮ್ಯುಟೇಷನ್ ಆದ ತಕ್ಷಣ ಗೆಡ್ಡೆ ಆಗಲ್ಲ ಅನ್ನೋದೂ ಪಟ್ಟಿಯಲ್ಲಿ ಇರಲ್ಲ. 1915ರಲ್ಲಿ ಜಪಾನಿನ ವಿಜ್ಞಾನಿಗಳು ಯಮಗಿವಾ, ಇಚಿಕಾವಾ ಮೊಲದ ಕಿವಿಗೆ ತಿಂಗಳುಗಟ್ಟಲೆ ಕಲ್ಲಿದ್ದಲಿನ ಟಾರ್ ಹಚ್ಚಿ ಹಚ್ಚಿ ಕೊನೆಗೆ ಕ್ಯಾನ್ಸರ್ ಬರಿಸಿ ತೋರಿಸಿದ್ರು. 1940ರ ದಶಕದಲ್ಲಿ ಬೆರೆನ್‌ಬ್ಲೂಮ್ ಅನ್ನೋ ಸಂಶೋಧಕ ಮತ್ತವರ ಜೊತೆಯವರು ಇಲಿಯ ಚರ್ಮಕ್ಕೆ ಕ್ಯಾನ್ಸರ್‌ಕಾರಕವನ್ನ ಒಂದೇ ಸಲ, ಸ್ವಲ್ಪವೇ ಹಚ್ಚಿದ್ರು, ಗೆಡ್ಡೆ ಬರಲಿಲ್ಲ. ಆಮೇಲೆ ಕೆರಳಿಸೋ ಕ್ರೋಟನ್ ಎಣ್ಣೆಯನ್ನ ಮತ್ತೆ ಮತ್ತೆ ಹಚ್ಚಿದಾಗ ಬಂತು. ಎಣ್ಣೆ ಮೊದಲು, ಕ್ಯಾನ್ಸರ್‌ಕಾರಕ ಆಮೇಲೆ ಅಂತ ಅದಲು ಬದಲು ಮಾಡಿದ್ರೆ ಬರಲ್ಲ. ಮೊದಲನೇದು ಹಚ್ಚಿ ತಿಂಗಳುಗಟ್ಟಲೆ ಬಿಟ್ಟು ಎಣ್ಣೆ ಹಚ್ಚಿದ್ರೂ ಬರುತ್ತೆ, ಯಾಕಂದ್ರೆ ಮ್ಯುಟೇಷನ್ ಅಳಿಸಿಹೋಗಲ್ಲ, ಕಾಯ್ತಾ ಕೂತಿರುತ್ತೆ. ಸಿಗರೇಟ್ ಹೊಗೆ ಈ ಎರಡೂ ಕೆಲಸ ಮಾಡುತ್ತೆ, ಗಾಯವನ್ನೂ ಮಾಡುತ್ತೆ, ಕೆರಳಿಸ್ತಾನೂ ಇರುತ್ತೆ.

ಸ್ಲೈಡಲ್ಲಿ ಇದನ್ನ ನೋಡ್ಬೇಕು ನೀವು. ಆರೋಗ್ಯವಾಗಿರೋ ಶ್ವಾಸನಾಳದ ಒಳಪದರ ಎಷ್ಟು ಚೆಂದ ಅಂದ್ರೆ, ನೀಳ ಕೋಶಗಳು ಒತ್ತಾಗಿ ನಿಂತು ತುದಿಯಲ್ಲಿ ಸಣ್ಣ ರೋಮಗಳ ಅಂಚು. ವರ್ಷಗಟ್ಟಲೆ ಹೊಗೆ ಕುಡಿದದ್ದರಲ್ಲಿ ಆ ರೋಮಗಳೇ ಇರಲ್ಲ, ಚಪ್ಪಟೆ ಕೋಶಗಳು ಪದರ ಪದರವಾಗಿ ಕೂತಿರ್ತವೆ. ಇನ್ನೊಬ್ಬರದ್ರಲ್ಲಿ ನ್ಯೂಕ್ಲಿಯಸ್‌ಗಳು ದಪ್ಪಗೆ, ಕಡುನೇರಳೆ, ಒಂದು ಇನ್ನೊಂದರ ಹಾಗಿಲ್ಲ, ತಳದಲ್ಲಿ ಮಾತ್ರ ಕಾಣಬೇಕಾದ ವಿಭಜನೆ ಮೇಲಿನ ಪದರದಲ್ಲೂ ಕಾಣುತ್ತೆ. ಕೆಳಗಿನ ಪೊರೆ ಇನ್ನೂ ಗಟ್ಟಿಯಾಗಿದ್ರೆ ಸಮಾಧಾನ. ಅದು ಹರಿದು ಕೋಶಗಳು ಗುಂಪು ಗುಂಪಾಗಿ ಕೆಳಗಿಳಿದಿರೋದು ಕಂಡಾಗ ಒಂದು ನಿಮಿಷ ಕಣ್ಣು ಆಚೆ ತಿರುಗಿಸಿಬಿಡ್ತೀನಿ. ಇಷ್ಟು ವರ್ಷ ಆದ್ರೂ ಅಭ್ಯಾಸ ಆಗಿಲ್ಲ.

"ಎಲ್ಲಾ ಹಣೆಬರಹ, ಕೋಶ ತಾನಾಗೇ ನಕಲು ಮಾಡುವಾಗಲೂ ತಪ್ಪಾಗುತ್ತಲ್ಲ" ಅಂತ ಕೆಲವರು ಬರ್ತಾರೆ. ಆಗುತ್ತೆ, ಎಷ್ಟೋ ಬಗೆಯ ಕ್ಯಾನ್ಸರ್‌ಗೆ ಅದೂ ದೊಡ್ಡ ಕಾರಣ. ಆದ್ರೆ ಸೇದೋರ ಶ್ವಾಸಕೋಶದ ಗೆಡ್ಡೆಯಲ್ಲಿ ಗ್ವಾನಿನ್ ಹೋಗಿ ಥೈಮಿನ್ ಆಗಿರೋ ಗುರುತು ರಾಶಿ ರಾಶಿ ಸಿಗುತ್ತಲ್ಲ, ಅದನ್ನ ಹಣೆಬರಹ ಬರೆದಿಲ್ಲ, ಹೊಗೆ ಬರೆದಿದೆ. ಸೇದಿಕೊಂಡೇ 90 ವರ್ಷದ ತನಕ ಬದುಕಿದ ತಾತನ ಕತೆಯಂತೂ ಬೇಡವೇ ಬೇಡ. ಒಬ್ಬೊಬ್ಬರ ಎಂಜೈಮ್, ರಿಪೇರಿ ಶಕ್ತಿ ಬೇರೆ ಬೇರೆ, ಕೆಲವರು ಉಳೀತಾರೆ. ಬ್ರಿಟನ್‌ನಲ್ಲಿ 1951ರಿಂದ 50 ವರ್ಷ ಡಾಕ್ಟರುಗಳನ್ನೇ ಹಿಂಬಾಲಿಸಿ ನೋಡಿದ್ರಲ್ಲ, ಸೇದೋರು ಸರಾಸರಿ ಸುಮಾರು 10 ವರ್ಷ ಮೊದಲು ಹೋದ್ರು. ಆ ಸರಾಸರಿ ಒಳಗೆ ನಿಮ್ಮ ತಾತನಂಥವರೂ ಇದ್ದಾರೆ.

ಸಿಟ್ಟು ಸಿಟ್ಟು ಅಂತ ಇಷ್ಟು ಬರೆದೆ, ಒಳಗಿರೋದು ಭಯ. ಆ ಗೆಳೆಯನ ಹೆಸರಿರೋ ಸ್ಲೈಡ್ ಒಂದಿನ ನನ್ನ ಟೇಬಲ್ ಮೇಲೇ ಬಂದ್ರೆ ಅನ್ನೋ ಭಯ.

ಪಟ್ಟಿ ಮಾಡೋರಿಗೆ ನಿಜವಾಗ್ಲೂ ಕಾಳಜಿ ಇದ್ದಿದ್ರೆ 2020ರ ಒಂದು ಅಧ್ಯಯನವನ್ನ ಹಂಚ್ತಿದ್ರು. 16 ಜನರದ್ದು, ಚಿಕ್ಕದೇ, ಆದ್ರೆ ಶ್ವಾಸನಾಳದ ಒಂದೊಂದೇ ಕೋಶದಿಂದ ಬೆಳೆಸಿದ ಗುಂಪುಗಳ ಡಿಎನ್‌ಎ ಓದಿದ್ರು. ಸಿಗರೇಟ್ ಬಿಟ್ಟವರಲ್ಲಿ, ಎಂದೂ ಸೇದದವರ ಹಾಗೇ ಹೆಚ್ಚುಕಮ್ಮಿ ಶುದ್ಧವಾಗಿರೋ ಕೋಶಗಳು ಸಿಕ್ಕವು, ಇನ್ನೂ ಸೇದ್ತಾ ಇರೋರಲ್ಲಿ ಸಿಕ್ಕಿದ್ದಕ್ಕಿಂತ ನಾಲ್ಕು ಪಟ್ಟು. ಆ ಬ್ರಿಟಿಷ್ ಡಾಕ್ಟರುಗಳಲ್ಲೂ ಅಷ್ಟೇ, 60ಕ್ಕೆ ಬಿಟ್ಟವರಿಗೆ ಸುಮಾರು 3 ವರ್ಷ ಆಯಸ್ಸು ವಾಪಸ್ ಸಿಕ್ತು, 50ಕ್ಕೆ ಬಿಟ್ಟವರಿಗೆ 6, 40ಕ್ಕೆ ಬಿಟ್ಟವರಿಗೆ 9.