ಮುಲಾಜಿಗೆ ಹೋದ ಮೂವತ್ತು ದಿನ

ಇಂದು ಮಧ್ಯಾಹ್ನ ಪಕ್ಕದ ಶೆಡ್ಡಿನ ಪೌಡರ್ ಕೋಟಿಂಗ್ ಮಾಲೀಕರು ಪೀಣ್ಯದ ನಮ್ಮ ವರ್ಕ್‌ಶಾಪಿಗೆ ಬಂದು, ಅಂಗಿಯ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಕಾಗದವೊಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು. ಅದು ಬ್ಯಾಂಕಿನ ರಿಟರ್ನ್ ಮೆಮೊ. ಖಾತೆಯಲ್ಲಿ ಸಾಕಷ್ಟು ಹಣವಿಲ್ಲವೆಂದು ಗಿರಾಕಿಯೊಬ್ಬರು ಕೊಟ್ಟ 3,80,000 ರೂಪಾಯಿಯ ಚೆಕ್ ವಾಪಸಾಗಿತ್ತು. ನಾನು ಮೊತ್ತಕ್ಕಿಂತ ಮೊದಲು ತಾರೀಕು ನೋಡಿದೆ. ಮೆಮೊ ಕೈಸೇರಿ 47 ದಿನಗಳಾಗಿದ್ದವು. ಚೆಕ್ಕಿನ ತಾರೀಕಿಗೆ ಮೂರು ತಿಂಗಳು ತುಂಬಿ ನಾಲ್ಕು ದಿನ ಕಳೆದಿತ್ತು. ಇಷ್ಟು ದಿನ ಸುಮ್ಮನಿದ್ದದ್ದೇಕೆ ಎಂದು ಕೇಳಿದರೆ, "ಹನ್ನೆರಡು ವರ್ಷದ ಪಾರ್ಟಿ ಅಕ್ಕ, ನೋಟಿಸ್ ಕೊಟ್ಟರೆ ನಾಳೆ ಅವರ ಮುಖ ಹೇಗೆ ನೋಡೋದು?" ಎಂದರು.

ಆಗಿನಿಂದ ನನಗೆ ಕೆಲಸದಲ್ಲಿ ಮನಸ್ಸು ನಿಂತಿಲ್ಲ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138 ಮತ್ತು 142ನೇ ಕಲಮುಗಳ ಪ್ರಕಾರ, ಚೆಕ್ ಮರಳಿದ ವಿಷಯ ಬ್ಯಾಂಕಿನಿಂದ ತಿಳಿದ 30 ದಿನಗಳೊಳಗೆ ಚೆಕ್ ಕೊಟ್ಟವರಿಗೆ ಲಿಖಿತ ನೋಟಿಸ್ ಕೊಡಬೇಕು; ಅದು ತಲುಪಿದ 15 ದಿನಗಳೊಳಗೆ ಅವರು ಹಣ ಕೊಡದಿದ್ದರೆ, ಮುಂದಿನ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ದೂರು ದಾಖಲಿಸಬೇಕು. ದೂರು ತಡವಾದರೆ ಸೂಕ್ತ ಕಾರಣ ನೋಡಿ ನ್ಯಾಯಾಲಯ ಮನ್ನಿಸಬಹುದು, ಆದರೆ ನೋಟಿಸಿನ ಗಡುವಿಗೆ ಆ ಅವಕಾಶವಿಲ್ಲ. ಚೆಕ್ಕಿಗೆ ಜೀವವಿರುವ ಮೂರು ತಿಂಗಳೊಳಗೆ ಅದನ್ನು ಮತ್ತೊಮ್ಮೆ ಬ್ಯಾಂಕಿಗೆ ಹಾಕಿ, ಮತ್ತೆ ಮರಳಿದರೆ ಹೊಸದಾಗಿ ದಿನ ಎಣಿಸಬಹುದಿತ್ತು. ನಾಲ್ಕು ದಿನಗಳ ಹಿಂದಿನವರೆಗೂ ಆ ಬಾಗಿಲು ತೆರೆದೇ ಇತ್ತು. "ಎರಡನೇ ಸಲ ಹಾಕಬೇಡಿ, ಮುಂದಿನ ವಾರ ಆರ್‌ಟಿಜಿಎಸ್ ಮಾಡುತ್ತೇವೆ" ಎಂದು ಆರು ವಾರ ಹೇಳಿಸಿದವರಿಗೆ ಈ ಲೆಕ್ಕ ಗೊತ್ತಿರಲಿಲ್ಲವೆಂದು ನಾನು ನಂಬುವುದಿಲ್ಲ. ಅವರು ದಿನ ಎಣಿಸುತ್ತಿದ್ದರು, ನಮ್ಮವರು ಮುಲಾಜು ಕಾಯುತ್ತಿದ್ದರು.

ಪಕ್ಕದವರನ್ನು ಬೈಯುವ ಹಕ್ಕು ನನಗಿಲ್ಲ. 2016ರಲ್ಲಿ ನಾನೂ ಹೀಗೆಯೇ 2,10,000 ರೂಪಾಯಿ ಕಳೆದುಕೊಂಡೆ. ಹಣ ಬರುತ್ತದೆಂದು ಮನೆಯಲ್ಲಿ ಸುಳ್ಳು ಹೇಳುತ್ತಲೇ ಇದ್ದು, ದೀಪಾವಳಿಗೆ ಹುಡುಗರ ಬೋನಸ್ ಕೊಡಲು ಬಳೆಗಳನ್ನು ಅಡವಿಟ್ಟೆ. ಮೂರು ವರ್ಷದೊಳಗೆ ಸಿವಿಲ್ ದಾವೆ ಹೂಡಬಹುದೆಂದು ವಕೀಲರು ಹೇಳಿದಾಗ ಅದೂ ಮುಗಿದಿತ್ತು. ಈ ವಿಷಯವನ್ನು ಇಲ್ಲಿ ಬರೆಯುತ್ತಿರುವುದು ಇದೇ ಮೊದಲು.

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ನನಗೆ ಈಗ ಹಲವರು ಹೇಳುತ್ತಾರೆ. ಚೆಕ್ ಪ್ರಕರಣಗಳು ವರ್ಷಗಟ್ಟಲೆ ಎಳೆಯುವುದನ್ನು ನಾನೂ ಕಂಡಿದ್ದೇನೆ. ಆದರೆ ನೋಟಿಸ್ ಕೊಡುವುದೆಂದರೆ ಕೋರ್ಟು ಹತ್ತುವುದಲ್ಲ, ನಮ್ಮ ಹಕ್ಕನ್ನು ಜೀವಂತವಾಗಿಡುವುದು. 2018ರ ತಿದ್ದುಪಡಿಯ ನಂತರ 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ವಾಣಿಜ್ಯ ವ್ಯಾಜ್ಯಗಳಲ್ಲಿ, ತುರ್ತು ಪರಿಹಾರ ಬೇಕಿಲ್ಲದಿದ್ದರೆ, ದಾವೆಗೆ ಮೊದಲು ಮಧ್ಯಸ್ಥಿಕೆಗೆ ಕೂರಲೇಬೇಕು. ಬೆಂಗಳೂರಿನಲ್ಲಿ 2007ರಿಂದಲೂ ಮಧ್ಯಸ್ಥಿಕೆ ಕೇಂದ್ರವಿದೆ. ಮೇಜಿನ ಆಚೆ ಈಚೆ ಕುಳಿತು ಮಾತಾಡಿದರೆ ಸಂಬಂಧ ಕೆಡುವುದಿಲ್ಲ. ಸುಳ್ಳು ಭರವಸೆ ಕೊಟ್ಟು ದಿನ ತಳ್ಳಿದಾಗಲೇ ಅದು ಕೆಟ್ಟಿರುತ್ತದೆ.

ಇನ್ನೊಂದು ದಾರಿಯನ್ನು ನಮ್ಮ ಎಷ್ಟೋ ಜನ ಬಳಸುವುದೇ ಇಲ್ಲ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಲಿಖಿತ ಒಪ್ಪಂದವಿದ್ದರೂ 45 ದಿನಗಳೊಳಗೆ, ಇಲ್ಲದಿದ್ದರೆ 15 ದಿನಗಳೊಳಗೆ ಹಣ ಪಾವತಿಯಾಗಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳೂ ಚಕ್ರಬಡ್ಡಿಯಾಗಿ. ಸರ್ಕಾರದ ಪೋರ್ಟಲ್ಲಿನಲ್ಲಿ ಅರ್ಜಿ ಹಾಕಿದರೆ ಅದು ಇಂಥ ಬಾಕಿಯ ವ್ಯಾಜ್ಯಗಳನ್ನು ಬಗೆಹರಿಸುವ ಫೆಸಿಲಿಟೇಶನ್ ಕೌನ್ಸಿಲ್ಲಿಗೆ ಹೋಗುತ್ತದೆ. ಕೌನ್ಸಿಲ್ಲಿನ ತೀರ್ಪನ್ನು ಖರೀದಿದಾರರು ನ್ಯಾಯಾಲಯದಲ್ಲಿ ಪ್ರಶ್ನಿಸಬೇಕಾದರೆ ಮೊದಲು ಶೇಕಡ 75ರಷ್ಟು ಹಣ ಠೇವಣಿ ಇಡಬೇಕು. ಸಣ್ಣ ಉದ್ಯಮವೆಂದು ಸರ್ಕಾರದಲ್ಲಿ ದಾಖಲಿಸುವ ಉದ್ಯಮ್ ನೋಂದಣಿ ಪಕ್ಕದವರಿಗೆ 2021ರಲ್ಲೇ ಆಗಿದೆಯೆಂದು ತಿಳಿದಾಗ ನನಗೆ ಉಸಿರು ಬಂದಂತಾಯಿತು. ಆ ಪ್ರಮಾಣಪತ್ರವನ್ನು ಅವರು ಬ್ಯಾಂಕ್ ಸಾಲಕ್ಕೆಂದು ಮಾಡಿಸಿ ಬೀರುವಿನಲ್ಲಿಟ್ಟಿದ್ದರು.

ಅರ್ಜಿಗೆ ಮಾಲು ತಲುಪಿದ್ದರ ದಾಖಲೆ ಬೇಕು. ಸಂಜೆ ಅವರ ಶೆಡ್ಡಿಗೆ ಹೋಗಿ ಡೆಲಿವರಿ ಚಲನ್‌ಗಳನ್ನು ಹುಡುಕಿದೆವು. ಮೊಳೆಗೆ ಚುಚ್ಚಿಟ್ಟ ಕಟ್ಟಿನಲ್ಲಿ ಹದಿನಾಲ್ಕು ಸಿಕ್ಕವು. ಕೆಲವು ಕಾರ್ಬನ್ ಪ್ರತಿಗಳಲ್ಲಿ ಎಣ್ಣೆಗೈ ತಾಗಿ ಅಕ್ಷರ ಮಾಸಿದ್ದವು. ಒಂಬತ್ತರಲ್ಲಿ ಆ ಕಡೆಯವರ ಸೀಲೂ ಸಹಿಯೂ ಇದ್ದವು. ಐದರಲ್ಲಿ ಏನೂ ಇರಲಿಲ್ಲ. "ಗೇಟಿನಲ್ಲಿ ಸೀಲ್ ಕೇಳಿದರೆ ನಂಬಿಕೆ ಇಲ್ಲವೇನ್ರೀ ಅಂತಾರೆ" ಎಂದು ಅವರ ಟೆಂಪೊ ಹುಡುಗ ತಲೆ ತಗ್ಗಿಸಿ ನಿಂತಿದ್ದ. ಆ ಐದು ಚಲನ್‌ಗಳ ಇ-ವೇ ಬಿಲ್ಲು (ಸರಕು ಸಾಗಣೆಯ ಆನ್‌ಲೈನ್ ದಾಖಲೆ), ವಾಟ್ಸಾಪ್ ಸಂದೇಶ ಏನಾದರೂ ಇದೆಯೇ ಎಂದು ನಾಳೆ ಬೆಳಿಗ್ಗೆ ಅವರ ಲೆಕ್ಕಿಗರೊಂದಿಗೆ ಕುಳಿತು ನೋಡಲಿದ್ದೇವೆ.